ಭಾನುವಾರದ ಊಟ: ಕೊಲೆಸ್ಟ್ರಾಲ್ ಇಳಿಸುವ ಮೊಸರಿನ ಬಾಟಲಿ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ನಮ್ಮ ಗುಂಪಿನ ಊಟ ಈ ಭಾನುವಾರ ಮಧ್ಯಾಹ್ನ 12.30ಕ್ಕೆ. ಹೋದ ಸಲ ಫ್ರಿಜ್ಜಿನಲ್ಲಿದ್ದ ಪುಟ್ಟ ಬಾಟಲಿಯ ಮೇಲೆ ಸ್ಟ್ರಾಬೆರಿ ಚಿತ್ರ ನೋಡಿ ಮೂರು ವರ್ಷದ ಮಗುವೊಂದು ಅರ್ಧ ಕುಡಿದುಬಿಟ್ಟಿತ್ತು. ಏನೂ ಆಗಲಿಲ್ಲ, ಆದರೂ ನನ್ನ ಜೀವ ಬಾಯಿಗೆ ಬಂದಿತ್ತು.

ಅದರಲ್ಲಿರುವುದು ಸ್ಟೆರಾಲ್ ಎಂಬ ಗಿಡಮೂಲದ ಅಂಶ. ಕರುಳಿನಲ್ಲಿ ಕೊಲೆಸ್ಟ್ರಾಲಿಗೆ ಪೈಪೋಟಿ ಕೊಟ್ಟು, ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ದಿನಕ್ಕೆ ಸುಮಾರು 2 ಗ್ರಾಂ ತಗೊಂಡರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಶೇ 10ರ ಆಸುಪಾಸು ಇಳಿಯುತ್ತದೆ. ಒಳ್ಳೆಯದೇ. ಆದರೆ 5 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಸೂಕ್ತವಲ್ಲ ಅಂತ ಲೇಬಲ್ಲಿನಲ್ಲೇ ಬರೆದಿರುತ್ತದೆ.

ಹಾಗಾಗಿ ತರುವವರು ಬಾಟಲಿ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ಫ್ರಿಜ್ಜಿನೊಳಗೆ ಮೇಲಿನ ಶೆಲ್ಫಿನಲ್ಲಿಡಿ. ಊಟದ ಜೊತೆಗೇ ಕುಡಿಯಿರಿ, ಖಾಲಿ ಹೊಟ್ಟೆಯಲ್ಲಿ ಅಷ್ಟು ಪ್ರಯೋಜನವಿಲ್ಲ. ಸ್ಟೆರಾಲ್ ದಿನಕ್ಕೆ 3 ಗ್ರಾಂ ದಾಟುವುದು ಬೇಡ. ಹಿರಿಯರಲ್ಲಿ ವಿಶೇಷ ವಿನಂತಿ: ಇದನ್ನು ಕುಡಿಯುತ್ತಿದ್ದೇವೆ ಅಂತ ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆ ದಯವಿಟ್ಟು ನಿಲ್ಲಿಸಬೇಡಿ, ಮೊದಲು ಡಾಕ್ಟರನ್ನು ಕೇಳಿ.

ಬಾಟಲಿ ತರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಪುಟ್ಟ ಮಕ್ಕಳಿರುವವರು ಓದಿದ ಮೇಲೆ ಒಂದು ‘ಸರಿ’ ಹಾಕಿ.