ಅವ್ವನಿಗೆ ಶಾಲು ಹೊದಿಸಿದ ಅಕ್ಕನಿಗೆ

ನಮ್ಮ ಅವ್ವ ಹುಬ್ಬಳ್ಳಿಯಿಂದ ದೆಹಲಿಗೆ ಬಂದು ನಾಲ್ಕೇ ದಿನ ಆಗಿತ್ತು. ಜನವರಿ ಚಳಿ. ಬೆಳಿಗ್ಗೆ ದ್ವಾರಕಾದಲ್ಲಿ ವಾಕಿಂಗ್ ಹೋದವಳು ದಾರಿ ತಪ್ಪಿಸಿಕೊಂಡಳು. ಹಿಂದಿ ಬರಲ್ಲ, ಮೊಬೈಲ್ ಮನೆಯಲ್ಲೇ ಇತ್ತು. ಒಂದೂವರೆ ತಾಸು ಹುಡುಕಿದೆ. ನನ್ನ ಕೈಕಾಲೇ ಆಡ್ತಿರಲಿಲ್ಲ.

ಕೊನೆಗೆ ಪಾರ್ಕಿನ ಬೆಂಚಿನ ಮೇಲೆ ಕಂಡಳು. ಹೆಗಲ ಮೇಲೆ ಯಾರದೋ ಶಾಲು. ಒಬ್ಬ ಅಕ್ಕ ಕೆಳಗೆ ಕೂತು, ಇಬ್ಬನಿಗೆ ಒದ್ದೆಯಾದ ಸಾಕ್ಸ್ ತೆಗೆದು, ಅವ್ವನ ಪಾದ ಉಜ್ಜುತ್ತಿದ್ದರು. ಪಾತ್ರೆ ತಿಕ್ಕಿ ತಿಕ್ಕಿ ಬಿರಿದ ಬೆರಳುಗಳು. "ಚಹಾ ಕುಡಿಸಿದ್ದೀನಿ, ಗಾಬರಿ ಬೇಡ" ಅಂದರು. ಅಷ್ಟಕ್ಕೇ ನನಗೆ ಅಳು ಬಂತು.

ಅವರು ಜಾರ್ಖಂಡಿನ ಗುಮ್ಲಾ ಕಡೆಯ ಉರಾಂವ್ ಆದಿವಾಸಿ. ಚಿಕ್ಕ ವಯಸ್ಸಲ್ಲೇ ಏಜೆಂಟ್ ಒಬ್ಬ ಕರೆತಂದನಂತೆ. ಮೊದಲ ವರ್ಷದ ಸಂಬಳ ಪೂರ್ತಿ ಅವನೇ ನುಂಗಿದನಂತೆ. ಈಗ ಐದು ಮನೆಗಳ ಕಸ, ಮುಸುರೆ. ಅವರ ಕುಡುಖ್ ಭಾಷೆ ನಮ್ಮ ಕನ್ನಡದ ನೆಂಟ ಅಲ್ವಾ, 'ನೀನು' ಅನ್ನೋದಕ್ಕೆ ಅಲ್ಲೂ 'ನೀನ್'. ಅವ್ವ ಅಳುತ್ತಾ "ನೀನು ಯಾರವ್ವಾ" ಅಂದಾಗ ಆ ಒಂದು ಪದ ತಿಳಿದು ಪಕ್ಕದಲ್ಲಿ ಕೂತರಂತೆ.

ಅಷ್ಟರಲ್ಲಿ ಎರಡು ಮನೆಗೆ ತಡವಾಗಿತ್ತು. ಫೋನಿನ ಬೈಗುಳ ನನಗೂ ಕೇಳಿಸಿತು. ದುಡ್ಡು ತಗೊಳ್ಳಲಿಲ್ಲ. ಅವ್ವನ ಕೆನ್ನೆ ಸವರಿ ಓಡಿದರು. ಹೆಸರೂ ಕೇಳಲಾಗಲಿಲ್ಲ.

ಅಕ್ಕಾ, ನಿಮ್ಮ ಶಾಲು ನಮ್ಮಲ್ಲೇ ಉಳಿದಿದೆ. ಅವ್ವ ಒಗೆದು ಮಡಿಚಿಟ್ಟಿದ್ದಾಳೆ. ದಿನಾ ಬೆಳಿಗ್ಗೆ ಅದನ್ನು ಹಿಡಿದು ಅದೇ ಬೆಂಚಿಗೆ ಬರ್ತೀವಿ.