ಆ ರಾತ್ರಿ ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನಿಗೆ

ಪ್ರಾಚೀನ ಈಜಿಪ್ಟನ್ನು ಆಳಿದ ಹತ್ಶೆಪ್ಸುತ್ ಎಂಬ ಹೆಂಗಸಿನ ಮೇಲೆ ಬರೆಯುತ್ತಿದ್ದ ಕಾದಂಬರಿ ಮುಗೀತು. ಮೊನ್ನೆ ಸಂಜೆ ಕೊನೆಯ ಪ್ರೂಫ್ ನೋಡಿ ಪ್ರೆಸ್ಸಿಗೆ ಕಳಿಸಿದೆ. ಆಮೇಲೆ ಅಡುಗೆಮನೆಗೆ ಹೋಗಿ, ಹಾಲು ಕಾಯಲು ಇಟ್ಟು, ಸುಮ್ನೆ ನಿಂತಿದ್ದೆ. ನಾಲ್ಕು ವರ್ಷ ಮನೆಯಲ್ಲೇ ಇದ್ದವರನ್ನು ಬಸ್ ಹತ್ತಿಸಿ ಬಂದ ಹಾಗಿತ್ತು.

ಹೋದ ವರ್ಷ ಏನಾಯಿತು ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಆಗ ನಾನು ಯಾರಿಗೂ ಒಂದು ಮಾತು ಹೇಳಲಿಲ್ಲ, ಎಷ್ಟೋ ಜನರ ಫೋನ್ ಕೂಡ ಎತ್ತಲಿಲ್ಲ, ಅದು ಮನಸ್ಸಲ್ಲೇ ಉಳಿದಿದೆ. ರಕ್ತ ಕೊಟ್ಟವರು, ನಡುರಾತ್ರಿ ಕಾರು ತೆಗೆದ ಕೆಳಗಿನ ಮನೆಯವರು, ಎರಡು ತಿಂಗಳು ನನ್ನ ಕ್ಲಾಸುಗಳನ್ನು ತಾವೇ ತೆಗೆದುಕೊಂಡ ಸಹೋದ್ಯೋಗಿಗಳು, ಊಟದ ಡಬ್ಬಿ ಕಳಿಸಿದ ಮನೆಗಳು, ಕೇಳದೆಯೇ ದುಡ್ಡು ಹಾಕಿದ ಗೆಳತಿಯರು, ಪ್ರತಿ ಅಧ್ಯಾಯವನ್ನೂ ಮೊದಲು ಓದಿದ ನನ್ನ ಗಂಡ, ನಿಮಗೆಲ್ಲ ಕೈಮುಗಿಯುತ್ತೇನೆ. ದುಬೈಯಲ್ಲಿರುವ ನನ್ನ ತಮ್ಮ ರಜೆಗೆ ಈಜಿಪ್ಟಿನ ಲಕ್ಸರ್‌ಗೆ ಹೋಗಿ, ಅಲ್ಲಿನ ಕಾರ್ನಾಕ್ ಗುಡಿಯಲ್ಲಿ ಹತ್ಶೆಪ್ಸುತ್ ನಿಲ್ಲಿಸಿದ ಕಂಬವನ್ನು ವಿಡಿಯೋ ಕಾಲ್‌ನಲ್ಲಿ ಬುಡದಿಂದ ತುದಿಯವರೆಗೆ ತೋರಿಸಿದ. ಸುಮಾರು 30 ಮೀಟರ್ ಎತ್ತರ, ಅಸ್ವಾನ್‌ನಿಂದ ತಂದ ಒಂದೇ ಗ್ರಾನೈಟ್ ಕಲ್ಲು. ಮುಂದೆ ವರ್ಷಗಳಾದ ಮೇಲೆ ಇದನ್ನು ನೋಡುವ ಜನ ಏನನ್ನುತ್ತಾರೋ ಅಂತ ಮನಸ್ಸು ಹೊಯ್ದಾಡುತ್ತಿದೆ ಎಂದು ಅವಳು ಅದರ ಬುಡದಲ್ಲಿ ಕೆತ್ತಿಸಿದ್ದಾಳೆ. ಅಷ್ಟು ದೊಡ್ಡ ದೊರೆಗೂ ಆ ಅಳುಕು ಇತ್ತು. ಥ್ಯಾಂಕ್ಸ್ ಕಣೋ.

ಈಗ ಚಿಕ್ಕಮ್ಮನ ವಿಷಯ. ಅದಕ್ಕೆ ಮೊದಲು ಕಾದಂಬರಿಯ ಒಂದು ತೊಡಕು ಹೇಳಬೇಕು.

ಹತ್ಶೆಪ್ಸುತ್ ಬರೀ ರಾಣಿ ಅಲ್ಲ. ಗಂಡ ಎರಡನೇ ತುತ್ಮೋಸ್ ಸತ್ತಾಗ ಮಲಮಗ ಇನ್ನೂ ಚಿಕ್ಕವನು. ಮೊದಲು ಅವನ ಪರವಾಗಿ ರಾಜ್ಯ ನೋಡಿಕೊಂಡಳು, ಅವನ ಆಳ್ವಿಕೆಯ ಏಳನೇ ವರ್ಷದ ಹೊತ್ತಿಗೆ ತಾನೇ ಫೇರೋ, ಅಂದರೆ ಈಜಿಪ್ಟಿನ ದೊರೆ, ಆಗಿದ್ದಳು. ಸುಮಾರು ಕ್ರಿ.ಪೂ. 1479ರಿಂದ 1458ರವರೆಗೆ ಅವಳ ಕಾಲ. ಅವಳು ಕಟ್ಟಿಸಿದ ದೇರ್ ಎಲ್ ಬಹ್ರಿಯ ಗುಡಿಯ ಗೋಡೆಗಳಲ್ಲಿ ಅವಳಿಗೆ ಗಂಡಸಿನ ಮೈ, ಗಲ್ಲಕ್ಕೆ ಕಟ್ಟಿದ ಗಡ್ಡ. ಪಕ್ಕದ ಬರಹದಲ್ಲಿ ಮಾತ್ರ ಹೆಣ್ಣಿಗೆ ಹಚ್ಚುವ ಪ್ರತ್ಯಯಗಳು. ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ ಶಾಂಪೋಲಿಯನ್ 1829ರಲ್ಲಿ ಅಲ್ಲಿಗೆ ಹೋದಾಗ ಇದನ್ನು ಓದಿ ತಬ್ಬಿಬ್ಬಾಗಿದ್ದ. ನನ್ನದೂ ಅದೇ ಪಾಡು. ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಅವನೋ ಅವಳೋ ಹೇಳಿಬಿಡಬೇಕಲ್ಲ. ಬಂದಳು ಅಂತ ಬರೆದರೆ ಸಿಂಹಾಸನ ಕಾಣುತ್ತಿರಲಿಲ್ಲ, ಬಂದನು ಅಂದರೆ ಅವಳೇ ಕಾಣುತ್ತಿರಲಿಲ್ಲ. ಬಂದರು ಅಂತ ಬರೆದು ನೋಡಿದೆ, ಇಡೀ ಪುಸ್ತಕ ಸರ್ಕಾರಿ ಪತ್ರದ ಹಾಗಾಯಿತು. ಮೂರು ಸಲ ಮೊದಲಿಂದ ಬರೆದು ಮೂರು ಸಲ ಕೈಬಿಟ್ಟಿದ್ದೆ.

ಆಸ್ಪತ್ರೆಯ ಎರಡನೇ ರಾತ್ರಿ. ಎಲ್ಲರನ್ನೂ ಮನೆಗೆ ಕಳಿಸಿ ಚಿಕ್ಕಮ್ಮ ಒಬ್ಬರೇ ಉಳಿದರು. ಮಂಡ್ಯ ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಮೂವತ್ತು ವರ್ಷ ಸಹಾಯಕಿಯಾಗಿದ್ದವರು. ಅವರ ಸೊಂಟದ ಮೇಲೆ ಕೂರದ ಮಗು ಆ ಊರಲ್ಲಿ ಇಲ್ಲ. ಪಕ್ಕದ ವಾರ್ಡಿನಿಂದ ಹಸುಗೂಸು ಅಳುವ ಸದ್ದು ಬರುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನನಗೆ ಪುಸ್ತಕವೂ ಬೇಡ ಏನೂ ಬೇಡ ಅಂದೆ. ಚಿಕ್ಕಮ್ಮ ಸಮಾಧಾನ ಹೇಳಲಿಲ್ಲ. ಹೋಗಿ ಕಿಟಕಿ ಮುಚ್ಚಿದರು. ಬಂದು ನನ್ನ ಕಾಲ ಹತ್ತಿರ ಕೂತು ಎರಡೂ ಪಾದಗಳನ್ನು ತಮ್ಮ ಸೆರಗಿನೊಳಗೆ ಇಟ್ಟುಕೊಂಡರು. ಅವರ ಹೆಬ್ಬೆರಳ ತುದಿ ಒರಟು, ಪಾದಕ್ಕೆ ತಾಗಿದಾಗೆಲ್ಲ ಸಣ್ಣಗೆ ಗೀರಿದ ಹಾಗೆ ಆಗುತ್ತಿತ್ತು. ಆ ರಾತ್ರಿ ನನ್ನ ಮೈಯಲ್ಲಿ ನನಗೆ ಗೊತ್ತಾಗುತ್ತಿದ್ದದ್ದು ಅದೊಂದೇ.

ಎಷ್ಟೋ ಹೊತ್ತಿನ ಮೇಲೆ, "ಅದ್ಯಾವ್ದೋ ರಾಣಿ ಕತೆ ಬರೀತಿದ್ದೆಯಲ್ಲ ಮಗಾ, ಅದನ್ನ ಹೇಳು" ಅಂದರು.

ಹೇಳಿದೆ. ನಿದ್ದೆ ಬರುತ್ತಿರಲಿಲ್ಲ, ಅದಕ್ಕೇ ಹೇಳಿದೆ. ಪುಂಟ್ ದೇಶಕ್ಕೆ ಹಡಗು ಕಳಿಸಿ ಗುಗ್ಗುಳದಂಥ ಸುಗಂಧದ ಗಿಡಗಳನ್ನು ಬೇರು ಸಮೇತ ಬುಟ್ಟಿಯಲ್ಲಿ ತರಿಸಿದ್ದು, ಅವಳು ಸತ್ತು ಸುಮಾರು 20 ವರ್ಷದ ಮೇಲೆ ಉಳಿಯಿಂದ ಅವಳ ಹೆಸರು, ಚಿತ್ರ ಕೆತ್ತಿ ತೆಗೆದದ್ದು, ತೆಗೆದ ಜಾಗದಲ್ಲೇ ಅವಳ ಮೈಯ ಆಕಾರ ಉಳಿದದ್ದು. ಬಂದನು, ಬಂದಳು ಅನ್ನುವ ಗೋಳನ್ನೂ ಹೇಳಿದೆ. ಚಿಕ್ಕಮ್ಮ ತುಂಬಾ ಹೊತ್ತು ಸುಮ್ಮನಿದ್ದು ಕೇಳಿದರು: "ಅವಳನ್ನ ಎತ್ತಿ ಆಡಿಸಿದೋಳು ಯಾರು? ದೊರೆ ಆಗ್ಲಿ ಏನಾರ ಆಗ್ಲಿ, ಎತ್ತಿ ಆಡಿಸಿದೋಳಿಗೆ ಅವಳು 'ಬಂದ್ಲು'ನೇ ಅಲ್ವಾ?"

ಸಿತ್ರೆ. ಹತ್ಶೆಪ್ಸುತ್‌ಗೆ ಹಾಲೂಡಿಸಿದ ದಾದಿ. ಅವಳ ಹೆಸರು ನನ್ನ ಟಿಪ್ಪಣಿಯಲ್ಲಿ ಇತ್ತು, ಎರಡು ಸಾಲಿನಲ್ಲಿ. ಹತ್ಶೆಪ್ಸುತ್‌ಳನ್ನು ಪುಟ್ಟದಾಗಿ ತೊಡೆಯ ಮೇಲೆ ಕೂರಿಸಿಕೊಂಡಿರುವ ಸಿತ್ರೆಯ ವಿಗ್ರಹ ದೇರ್ ಎಲ್ ಬಹ್ರಿಯಲ್ಲೇ ಸಿಕ್ಕಿದೆ. 1903ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ರಾಜರ ಕಣಿವೆಯ ಒಂದು ಸಣ್ಣ ಗೋರಿಗೆ ಇಳಿದಾಗ ಅಲ್ಲಿ ಇಬ್ಬರು ಹೆಂಗಸರ ಮಮ್ಮಿಗಳಿದ್ದವು. ಒಂದು ದಾದಿಯ ಹೆಸರಿದ್ದ ಪೆಟ್ಟಿಗೆಯಲ್ಲಿ, ಇನ್ನೊಂದು ಬರೀ ನೆಲದ ಮೇಲೆ. ನೆಲದ ಮೇಲಿದ್ದದ್ದು ಹತ್ಶೆಪ್ಸುತ್ ಅಂತ, ಅವಳ ಹೆಸರಿದ್ದ ಮರದ ಡಬ್ಬಿಯೊಳಗಿನ ಒಂದು ಹಲ್ಲನ್ನು ಹೊಂದಿಸಿ ನೋಡಿ 2007ರಲ್ಲಿ ಈಜಿಪ್ಟಿನ ತಜ್ಞರು ಹೇಳಿದರು. ಎಲ್ಲರೂ ಒಪ್ಪಿಲ್ಲ. ನಾನು ಒಪ್ಪಿದ್ದೇನೆ. ಎಲ್ಲ ಕಡೆ ಹೆಸರು ಕೆತ್ತಿ ತೆಗೆದ ಮೇಲೂ ಅವಳ ಪಕ್ಕದಲ್ಲಿ ಒಬ್ಬಳು ಇದ್ದಳು ಅಂದುಕೊಳ್ಳದೆ ನನ್ನ ಕೈಲಿ ಬರೆಯಲು ಆಗುತ್ತಿರಲಿಲ್ಲ.

ಮನೆಗೆ ಬಂದು ಮೂರು ವಾರಕ್ಕೆ ನಾಲ್ಕನೇ ಸಲ ಶುರು ಮಾಡಿದೆ. ಈ ಸಲ ಕತೆ ಹೇಳುವವಳು ಸಿತ್ರೆ. ಆಸ್ಥಾನದವರು 'ದೊರೆ ಬಂದರು' ಅನ್ನುತ್ತಾರೆ, ಇವಳು 'ಬಂದಳು' ಅನ್ನುತ್ತಾಳೆ, ಅಷ್ಟೇ. ಮೊದಲ ಪುಟ ಬರೆದ ದಿನ ಜೋರಾಗಿ ಅತ್ತೆ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ.

ಚಿಕ್ಕಮ್ಮನಿಗೆ ಸಣ್ಣಕ್ಷರ ಕಾಣುವುದಿಲ್ಲ. ಡಿಟಿಪಿ ಮಾಡಿದ ಹುಡುಗಿ ತಾನಾಗಿಯೇ ಇಡೀ ಪುಸ್ತಕವನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು ಸ್ಪೈರಲ್ ಹಾಕಿಸಿ ಕೊಟ್ಟಳು, ಅವಳ ಉಪಕಾರ ಮರೆಯುವುದಿಲ್ಲ. ದಿನಾ ಮಧ್ಯಾಹ್ನ ನಾಲ್ಕೈದು ಪುಟ ಓದುತ್ತಿದ್ದಾರಂತೆ. ನಿನ್ನೆ ಫೋನ್ ಮಾಡಿದ್ದರು. ಹತ್ಶೆಪ್ಸುತ್‌ಳ ಮಗಳು ನೆಫೆರುರೆ ಹುಟ್ಟುವ ಅಧ್ಯಾಯಕ್ಕೆ ಬಂದಿದ್ದಾರೆ. "ಈ ಮಗು ಮುಂದೆ ಏನಾಯ್ತು ಮಗಾ?" ಅಂದರು. ಒಂದು ಹಂತದ ಮೇಲೆ ನೆಫೆರುರೆಯ ಹೆಸರು ಯಾವ ಕಲ್ಲಿನಲ್ಲೂ ಸಿಗುವುದಿಲ್ಲ. ಅದನ್ನು ಫೋನಲ್ಲಿ ಹೇಳಲಿಲ್ಲ. ಬಂದು ಹೇಳುತ್ತೇನೆ ಅಂದೆ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.