ಫೋಟೋ ಕೇಳದೆ ಕೊಟ್ಟವರಿಗೆ

2025ರ ಜನವರಿ 9ರಂದು ಕೆಸಿಎಸ್‌ಇ ಫಲಿತಾಂಶ ಬಂತು. ಊರಲ್ಲಿರುವವರಿಗೆ ಒಂದು ಮಾತು: ಇದು ಕೆನ್ಯಾದಲ್ಲಿ ಹೈಸ್ಕೂಲಿನ ನಾಲ್ಕು ವರ್ಷ ಮುಗಿಸಿ ಬರೆಯುವ ಕೊನೆಯ ಪರೀಕ್ಷೆ, ನಮ್ಮ ಪಿಯುಸಿಗೆ ಹತ್ತಿರ. ನೈರೋಬಿ ಪಕ್ಕದ ಮಾಸಾಯಿ ಸೀಮೆ ಕಜಿಯಾಡೊ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ನಾವು ನೈರೋಬಿಯ ಒಂದಷ್ಟು ಕನ್ನಡದ ಮನೆಯವರು ಸೇರಿ ಓದಿಸುತ್ತಿದ್ದ ಮೊದಲ ಬ್ಯಾಚಿನ ಏಳು ಹೆಣ್ಣುಮಕ್ಕಳು ಅದನ್ನು ಬರೆದು ಮುಗಿಸಿದ್ದಾರೆ. ಮೂವರು ಸಿ ಪ್ಲಸ್ ದಾಟಿದ್ದಾರೆ, ಅಂದರೆ ಯೂನಿವರ್ಸಿಟಿಗೆ ಅರ್ಜಿ ಹಾಕಬಹುದು. ಈ ಸಲ ದೇಶದಲ್ಲಿ ಬರೆದ ಸುಮಾರು 9 ಲಕ್ಷ 62 ಸಾವಿರ ಮಕ್ಕಳಲ್ಲಿ ಆ ಗೆರೆ ಮುಟ್ಟಿದ್ದು ನಾಲ್ಕರಲ್ಲಿ ಒಬ್ಬರು. ಇನ್ನು ಮೂವರು ಡಿಪ್ಲೊಮಾ ನೋಡುತ್ತಿದ್ದಾರೆ. ಒಬ್ಬಳಿಗೆ ಡಿ ಪ್ಲಸ್ ಬಂದಿದೆ. ಅವಳು ವೈರಿಂಗ್ ಕೆಲಸ ಕಲಿಯುತ್ತೇನೆ ಅಂತ ಆಗಲೇ ಹೇಳಿಬಿಟ್ಟಿದ್ದಾಳೆ. ನನಗೆ ಜಾಸ್ತಿ ಖುಷಿ ಕೊಟ್ಟ ಸುದ್ದಿ ಅದೇ.

ರಿಸಲ್ಟ್ ಬಂದ ಮೇಲೆ ನಮ್ಮ ಗುಂಪಿಗೆ ಹೊಗಳಿಕೆಯೋ ಹೊಗಳಿಕೆ. ಅದರಲ್ಲಿ ಬಹುಪಾಲು ಬೇರೆಯವರಿಗೆ ಸೇರಬೇಕಾದದ್ದು. ಅದನ್ನು ತಲುಪಿಸೋಣ ಅಂತ ಈ ಬರಹ.

ಮೊದಲು ಈ ಬ್ಯಾಚು ಏನೇನು ದಾಟಿ ಬಂತು ಅಂತ ಹೇಳಬೇಕು. 2020ರಲ್ಲಿ ಇವರು ಎಂಟನೇ ಕ್ಲಾಸು. ಮಾರ್ಚಿನಲ್ಲಿ ಕೋವಿಡ್ ಅಂತ ಶಾಲೆ ಮುಚ್ಚಿದ್ದು, ಇವರಿಗೆ ತೆರೆದಿದ್ದು ಅಕ್ಟೋಬರ್ 12ಕ್ಕೆ. ವರ್ಷದ ಕೊನೆಗೆ ಆಗಬೇಕಿದ್ದ ಪರೀಕ್ಷೆ 2021ರ ಮಾರ್ಚಿಗೆ ಹೋಯ್ತು. ಫಾರ್ಮ್ ಒನ್, ಅಂದರೆ ಹೈಸ್ಕೂಲಿನ ಮೊದಲ ವರ್ಷ, ಶುರುವಾಗಿದ್ದು ಆಗಸ್ಟಿನಲ್ಲಿ. ಕಳೆದುಹೋದ ತಿಂಗಳುಗಳನ್ನು ಸರಿಹೊಂದಿಸಲು 2022ರಲ್ಲಿ ಒಂದೇ ವರ್ಷಕ್ಕೆ ನಾಲ್ಕು ಟರ್ಮ್ ತುರುಕಿದರು. ರಜೆ ಅನ್ನೋದು ಉಸಿರು ಬಿಡುವಷ್ಟೂ ಇರಲಿಲ್ಲ. 2024ರಲ್ಲಿ ಪ್ರವಾಹ ಬಂದು ಶಾಲೆ ತೆರೆಯುವ ದಿನ ಮುಂದೆ ಹೋಗಿ ಹೋಗಿ ಮೇ 13 ಆಯ್ತು.

ಇದೆಲ್ಲಕ್ಕಿಂತ ಕಷ್ಟವಾಗಿದ್ದು ಬರ. 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟವು. ದನ ಸಾಕಿ ಬದುಕುವ ಮಾಸಾಯಿಗಳು ಅವನ್ನು ಹೊಡೆದುಕೊಂಡು ನೈರೋಬಿಯ ಒಳಗೇ ಬಂದು ರಸ್ತೆ ಪಕ್ಕದ ಹುಲ್ಲು ಮೇಯಿಸುತ್ತಿದ್ದರು. ಹಾರ್ನ್ ಹೊಡೆದುಕೊಂಡು ಹೋಗುವವರಿಗೆ ಅದೊಂದು ಟ್ರಾಫಿಕ್ ಸಮಸ್ಯೆ. ಆದರೆ ದನ ಸತ್ತ ಮನೆಯಲ್ಲಿ ಮಗಳ ಮದುವೆಯ ಮಾತು ಏಳುತ್ತದೆ, ಯಾಕೆಂದರೆ ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ‘ತೆರ’ ಅಂತ ಕೊಡುವುದೂ ದನವೇ. ತೆರ ನಮ್ಮ ಅಜ್ಜಿಯರ ಕಾಲಕ್ಕೂ ಹೊಸದೇನಲ್ಲ. ಕಾನೂನು ಚೆನ್ನಾಗೇ ಇದೆ: ಮದುವೆಗೆ ಮೊದಲು ಮಾಡುವ ಹುಡುಗಿಯರ ಅಂಗಛೇದನ (ಜನನಾಂಗ ಕತ್ತರಿಸುವುದು) 2011ರ ಕಾಯ್ದೆಯಲ್ಲಿ ಅಪರಾಧ, 18 ತುಂಬದೆ ಮದುವೆ ಮಾಡುವಂತಿಲ್ಲ. ಹಸಿದ ಮನೆಗೆ ಕಾಯ್ದೆ ಓದಿ ಹೇಳುವವರು ಯಾರು? ನಾವು ಎಂಟು ಮಕ್ಕಳಿಂದ ಶುರು ಮಾಡಿದ್ದೆವು. ಎಂಟನೆಯವಳು ಬರದ ಎರಡನೇ ವರ್ಷ ರಜೆಗೆ ಹೋದವಳು ವಾಪಸ್ ಬರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಅವಳನ್ನು ಬಿಟ್ಟು ಈ ಸಂತೋಷದ ಲೆಕ್ಕ ಹೇಳಲು ನನಗೆ ಮನಸ್ಸಿಲ್ಲ.

ಈಗ ಥ್ಯಾಂಕ್ಸ್.

ಮೊದಲನೆಯದು ಆ ಊರಿನ ಚೀಫ್‌ಗೆ. ಚೀಫ್ ಅಂದರೆ ಇಲ್ಲಿ ಗರಿ ಸಿಕ್ಕಿಸಿಕೊಂಡ ಬುಡಕಟ್ಟಿನ ರಾಜ ಅಲ್ಲ, ಸಂಬಳ ತೆಗೆದುಕೊಳ್ಳುವ ಸರ್ಕಾರಿ ನೌಕರ. ನಮ್ಮ ಗ್ರಾಮ ಲೆಕ್ಕಿಗನನ್ನೂ ಹಳೇ ಕಾಲದ ಪಟೇಲನನ್ನೂ ಸೇರಿಸಿ ಒಬ್ಬ ಮನುಷ್ಯನನ್ನು ಮಾಡಿದ ಹಾಗೆ. ಅವರು ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಪತ್ರ ಬರೆದುಕೊಟ್ಟಿದ್ದು. ಈ ಮಕ್ಕಳಲ್ಲಿ ನಾಲ್ವರಿಗೆ ಜನನ ಪ್ರಮಾಣಪತ್ರವೇ ಇರಲಿಲ್ಲ. ಮನೆಯಲ್ಲಿ ಹುಟ್ಟಿದವರು. ಇಬ್ಬರಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಇಲ್ಲಿ ವಿದ್ಯಾರ್ಥಿಗಳ ಹೆಸರೆಲ್ಲ ನೆಮಿಸ್ ಅನ್ನುವ ಸರ್ಕಾರಿ ಕಂಪ್ಯೂಟರ್ ಪಟ್ಟಿಯಲ್ಲಿ ಏರಬೇಕಿತ್ತು, ಅದು ಮೊದಲು ಕೇಳುತ್ತಿದ್ದದ್ದೇ ಜನನ ಪ್ರಮಾಣಪತ್ರದ ನಂಬರ್. ಕಾಗದ ಇಲ್ಲದ ಮಗು ಕ್ಲಾಸಿನಲ್ಲಿ ಕೂತಿದ್ದರೂ ಪಟ್ಟಿಯಲ್ಲಿ ಇಲ್ಲ. ತಡವಾದ ನೋಂದಣಿಗೆ ಚೀಫ್ ಪತ್ರ ಬೇಕು, ಸಿಕ್ಕರೆ ಲಸಿಕೆಯ ಕಾರ್ಡ್ ಬೇಕು, ಅಪ್ಪ ಅಮ್ಮನ ಐಡಿ ಬೇಕು, ಅವರು ತೀರಿಕೊಂಡಿದ್ದರೆ ಅದಕ್ಕೂ ಕಾಗದ ಬೇಕು.

ಒಬ್ಬಳ ಅಜ್ಜಿ ಲಸಿಕೆಯ ಕಾರ್ಡನ್ನು ಸಕ್ಕರೆ ಪ್ಯಾಕೆಟ್ಟಿನ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅದನ್ನು ಚಹಾ ಪುಡಿ ಡಬ್ಬದಲ್ಲಿಟ್ಟು, ಡಬ್ಬವನ್ನು ಶುಕಾದ (ಮಾಸಾಯಿಗಳು ಹೊದೆಯುವ ಬಟ್ಟೆ) ಮಡಿಕೆಯೊಳಗೆ ಹಿಡಿದು ತಂದಿದ್ದರು. ಕಾರ್ಡಿನಲ್ಲಿ ಮಗುವಿನ ಹೆಸರು ಮಾಸಿಹೋಗಿತ್ತು, ತಾರೀಖು ಮಾತ್ರ ನೆಟ್ಟಗೆ ಉಳಿದಿತ್ತು. ಗುಮಾಸ್ತೆ ಅದನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು. ಆಮೇಲೆ ಇಂಕ್ ಪ್ಯಾಡ್ ಅಜ್ಜಿಯ ಕಡೆಗೆ ಸರಿಸಿದಳು. ಅಜ್ಜಿ ಹೆಬ್ಬೆಟ್ಟು ಒತ್ತಿ, ಉಳಿದ ಮಸಿಯನ್ನು ಮೊಮ್ಮಗಳ ಸ್ವೆಟರಿಗೇ ಒರೆಸಿದರು. ಹುಡುಗಿಗೆ ಸಿಟ್ಟು ಬಂತು, ಹೊಸ ಸ್ವೆಟರ್ ಅದು! ಆ ಗುಮಾಸ್ತೆಗೂ ನನ್ನ ನಮಸ್ಕಾರ. "ನಾಳೆ ಬನ್ನಿ" ಅನ್ನುವುದು ಅವಳಿಗೆ ತುಂಬಾ ಸುಲಭವಿತ್ತು.

ಎರಡನೆಯದು ಲೆಕ್ಕದ ಮೇಷ್ಟ್ರಿಗೆ. ಹಾಸನದ ಕಡೆಯವರು, ನಿವೃತ್ತರು, ಮಗನ ಮನೆಗೆ ಅಂತ ನೈರೋಬಿಗೆ ಬಂದವರು. ಪಾರ್ಕ್‌ಲ್ಯಾಂಡ್ಸ್‌ನ ಫ್ಲಾಟಿನಲ್ಲಿ ಕೂತು ಬೇಜಾರಾಗಿ, "ಏನಾದ್ರೂ ಕೆಲ್ಸ ಕೊಡಿ" ಅಂದರು. ವರ್ಷದ ಕೊನೆಯ ದೊಡ್ಡ ರಜೆಯಲ್ಲಿ ನಾವು ನಡೆಸುವ ಕ್ಯಾಂಪಿಗೆ ಅವರನ್ನು ಕಳಿಸಿದೆವು. ಹೆಸರಿಗೆ ಅದು ಗಣಿತದ ಟ್ಯೂಷನ್. ನಿಜ ಹೇಳಬೇಕೆಂದರೆ ನವೆಂಬರ್, ಡಿಸೆಂಬರ್ ಅಂಗಛೇದನ ನಡೆಯುವ ತಿಂಗಳುಗಳು: ಶಾಲೆ ಇಲ್ಲ, ಗಾಯ ಮಾಯಲು ಸಮಯ ಇದೆ, ನೆಂಟರೆಲ್ಲ ಊರಲ್ಲಿರುತ್ತಾರೆ. "ಮಗಳಿಗೆ ಲೆಕ್ಕದಲ್ಲಿ ಕಮ್ಮಿ ಬಂದಿದೆ, ಕ್ಯಾಂಪಿಗೆ ಬರಲೇಬೇಕು" ಅಂದರೆ ಯಾವ ತಂದೆಗೂ ಮುಖ ಮುರಿಯುವುದಿಲ್ಲ, ಮಗಳು ಆ ವಾರಗಳಲ್ಲಿ ಊರಲ್ಲಿ ಇರುವುದೂ ಇಲ್ಲ. ಮೇಷ್ಟ್ರಿಗೆ ಸ್ವಾಹಿಲಿ ಬರುತ್ತಿರಲಿಲ್ಲ, ಅವರ ಇಂಗ್ಲಿಷ್ ಪೂರ್ತಿ ಹಾಸನದ್ದು. ಮಕ್ಕಳು ಈಗಲೂ ತ್ರಿಕೋನಮಿತಿಯನ್ನು ಅದೇ ರಾಗದಲ್ಲಿ ಹೇಳುತ್ತಾರೆ.

ಈ ದಾರಿ ತೋರಿಸಿದ್ದು ನಾವಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಕಜಿಯಾಡೊದ ಎಐಸಿ ಬಾಲಕಿಯರ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಪ್ರಿಸಿಲ್ಲಾ ನಂಗುರೈ, ಮದುವೆ ತಪ್ಪಿಸಿಕೊಂಡು ಓಡಿ ಬಂದ ಹುಡುಗಿಯರಿಗೆ ಎಷ್ಟೋ ವರ್ಷಗಳ ಹಿಂದೆಯೇ ಶಾಲೆಯಲ್ಲಿ ಜಾಗ ಕೊಟ್ಟವರು. ಅದೇ ಕೌಂಟಿಯ ಕಿಮಾನಾದ ನೈಸ್ ಲೆಂಗೆಟೆ ಹಿರಿಯರ ಜೊತೆ, ಮೊರಾನ್ ಅನ್ನುವ ಯೋಧ ಯುವಕರ ಜೊತೆ ಕೂತು ಮಾತಾಡಿ ಮಾತಾಡಿ, ಅಂಗಛೇದನ ಇಲ್ಲದೆಯೇ ಹುಡುಗಿ ದೊಡ್ಡವಳಾದ ಆಚರಣೆ ಮಾಡಬಹುದು ಅಂತ ಒಪ್ಪಿಸಿದವರು. ಹೊರಗಿನಿಂದ ಬಂದ ನಾವು ಹೆಚ್ಚೆಂದರೆ ಫೀಸು ಕಟ್ಟಬಹುದು. ಹಟ್ಟಿಯೊಳಗಿನ ಮಾತು ಹಟ್ಟಿಯವರೇ ಆಡಬೇಕು.

ಇನ್ನು ದಾನಿಗಳು. ಇಲ್ಲಿ ಸ್ವಲ್ಪ ಖಡಕ್ಕಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಶುರುವಿನಲ್ಲಿ ತುಂಬಾ ಜನ ಕೇಳಿದ್ದು ಅನಾಥಾಶ್ರಮ. "ಒಂದು ಬಿಲ್ಡಿಂಗ್ ಕಟ್ಟಿ, ಹಣ ಕೊಡ್ತೀವಿ, ಅಮ್ಮನ ಹೆಸರಿಡಿ." ಬೇಡ ಅಂದೆವು. ಕೆನ್ಯಾ ಸರ್ಕಾರವೇ 2017ರಲ್ಲಿ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿತು, 2022ರಲ್ಲಿ ಮಕ್ಕಳನ್ನು ಸಂಸ್ಥೆಗಳಿಂದ ಮನೆಗಳಿಗೆ ಕಳಿಸುವ ಹತ್ತು ವರ್ಷದ ಯೋಜನೆ ತಂದಿತು. ಅಜ್ಜಿ ಇರುವ ಮಗುವಿಗೆ ಆಶ್ರಮ ಯಾಕೆ? ಅಜ್ಜಿಗೆ ಎರಡು ಮೂಟೆ ಮೆಕ್ಕೆಜೋಳದ ಹಿಟ್ಟು ಬೇಕು, ಅಷ್ಟೇ. ಕಲ್ಲಿನ ಮೇಲೆ ಹೆಸರು ಬರೋದಿಲ್ಲ ಅಂತ ಗೊತ್ತಾದ ಮೇಲೆ ಕೆಲವರು ಸುಮ್ನೆ ಹಿಂದೆ ಸರಿದರು. ಹಿಟ್ಟಿನ ಮೂಟೆಗೆ ಎಂ-ಪೆಸಾದಲ್ಲಿ (ಇಲ್ಲಿ ಮೊಬೈಲಿನಲ್ಲೇ ಹಣ ಕಳಿಸುವ ವ್ಯವಸ್ಥೆ) ಹಣ ಹಾಕಿ ಮತ್ತೆ ಕೇಳದೆ ಇದ್ದವರು ಇದ್ದಾರಲ್ಲ, ಅವರಿಗೆ ಕೈಮುಗಿದೆ.

ಅದಕ್ಕಿಂತ ದೊಡ್ಡದು ಫೋಟೋ. "ನಾನು ಓದಿಸೋ ಹುಡುಗೀದು ಒಂದು ಫೋಟೋ ಕಳ್ಸಿ, ಸ್ಟೇಟಸ್ಸಿಗೆ ಹಾಕ್ತೀನಿ." ಕೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಮದುವೆಯಿಂದ ತಪ್ಪಿಸಿಕೊಂಡು ಬಂದ ಹುಡುಗಿ ಯಾವ ಊರಿನ ಯಾವ ಶಾಲೆಯ ಯೂನಿಫಾರ್ಮಿನಲ್ಲಿ ಇದ್ದಾಳೆ ಅಂತ ಒಂದು ಫೋಟೋ ಹೇಳಿಬಿಡುತ್ತದೆ, ಅಲ್ವಾ? ಭಯ ಇಲ್ಲದ ಹುಡುಗಿಯಾದರೂ, ಹದಿನೈದರಲ್ಲಿ "ಬಡ ಆಫ್ರಿಕನ್ ಮಗು" ಅಂತ ಯಾರದೋ ಸ್ಟೇಟಸ್ಸಿನಲ್ಲಿ ಕಾಣಿಸಿಕೊಂಡವಳು ಇಪ್ಪತ್ತೈದರಲ್ಲಿ ನರ್ಸ್ ಆಗಿ ನಿಂತಾಗ ಅದನ್ನು ಅಳಿಸುವವರು ಯಾರು? ನಾವು ಒಂದೂ ಫೋಟೋ ಕೊಡಲಿಲ್ಲ. ರಶೀದಿ ಕೊಟ್ಟೆವು, ಫೀಸಿನ ಚೀಟಿ ಕೊಟ್ಟೆವು, ಹೆಸರು ಮುಚ್ಚಿ ಅಂಕಪಟ್ಟಿ ತೋರಿಸಿದೆವು. ಅದಕ್ಕೇ ಒಪ್ಪಿ ನಾಲ್ಕು ವರ್ಷ ಜೊತೆಗಿದ್ದವರೇ ಈ ಬ್ಯಾಚನ್ನು ದಡ ಸೇರಿಸಿದ್ದು. ಈ ಬರಹದ ಜೊತೆಗೂ ಫೋಟೋ ಇಲ್ಲ, ಹುಡುಕಬೇಡಿ.

ಬಾಕಿ ಇರುವ ನಮಸ್ಕಾರಗಳನ್ನು ಬೇಗ ಬೇಗ ಹೇಳಿ ಮುಗಿಸುತ್ತೇನೆ. ಫಾರ್ಮ್ ಒನ್‌ಗೆ ತಗಡಿನ ಪೆಟ್ಟಿಗೆ, ಹಾಸಿಗೆ, ಬಕೆಟ್ಟು, ಸ್ವೆಟರ್ ಎಲ್ಲ ಅಸಲಿಗೇ ಕೊಟ್ಟ ಗುಜರಾತಿ ಅಂಗಡಿ ಕಾಕಾ. ರಾಜ್ಯೋತ್ಸವದ ದಿನ ಬಿಸಿಬೇಳೆ ಬಾತ್ ಸ್ಟಾಲ್ ಹಾಕಿ ಬಂದ ಅಷ್ಟೂ ದುಡ್ಡು ಪ್ಯಾಡಿಗೆ ಕೊಟ್ಟ ಹೆಂಗಸರು. (ಶಾಲಾ ಹುಡುಗಿಯರಿಗೆ ಸರ್ಕಾರ ಉಚಿತ ಪ್ಯಾಡ್ ಕೊಡಬೇಕು ಅಂತ 2017ರಿಂದ ಕಾನೂನೇ ಇದೆ. ಆದರೂ ಪ್ರತಿ ಟರ್ಮು ಕಾಯುತ್ತಾ ಕೂರಲು ಆಗುತ್ತಾ?) ಮಳೆಯಲ್ಲಿ ರಸ್ತೆ ಕೊಚ್ಚಿಹೋದಾಗ ಇಬ್ಬರು ಮಕ್ಕಳನ್ನೂ ಎರಡು ಪೆಟ್ಟಿಗೆಗಳನ್ನೂ ಒಂದೇ ಬೋಡಾ ಬೋಡಾ ಬಾಡಿಗೆ ಬೈಕಿನಲ್ಲಿ ಶಾಲೆಗೆ ಮುಟ್ಟಿಸಿದ ಹುಡುಗ. ಅದು ಹೇಗೆ ಸಾಧ್ಯವಾಯ್ತು ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ. ರಾತ್ರಿ ಫೋನ್ ಮಾಡಿದರೂ ಎತ್ತುತ್ತಿದ್ದ ಮಕ್ಕಳ ಇಲಾಖೆಯ ಅಧಿಕಾರಿ. ಕೋವಿಡ್ ರಜೆಯಲ್ಲಿ ಹುಟ್ಟಿದ ಮರಿಮೊಮ್ಮಗನನ್ನು ತಾನು ನೋಡಿಕೊಂಡು ಮೊಮ್ಮಗಳನ್ನು ಮತ್ತೆ ಶಾಲೆಗೆ ಅಟ್ಟಿದ ಇನ್ನೊಬ್ಬ ಅಜ್ಜಿ. "ನನಗೆ ಮಾತ್ರ ಬೋರ್ಡಿಂಗ್ ಇಲ್ವಾ?" ಅಂತ ಆ ಅಜ್ಜಿ ಕೇಳಿದ್ದು ನಮ್ಮ ಗುಂಪಿನಲ್ಲಿ ಈಗ ಗಾದೆಯಾಗಿದೆ.

ಖಾತೆಯಲ್ಲಿ ಸ್ವಲ್ಪ ಹಣ ಉಳಿದಿದೆ. ಅದು ಕಾಲೇಜಿನ ಅರ್ಜಿಗಳಿಗೆ ಮತ್ತು ವೈರಿಂಗ್ ಕೋರ್ಸಿನ ಮೊದಲ ಟರ್ಮಿಗೆ ಸಾಕು. ಹದಿನೆಂಟು ತುಂಬಿದವರಿಗೆ ರಾಷ್ಟ್ರೀಯ ಐಡಿ ಮಾಡಿಸಬೇಕು, ಸರ್ಕಾರದ ವಿದ್ಯಾರ್ಥಿ ಸಾಲದ ಅರ್ಜಿಗೆ ಅದು ಬೇಕು. ಮಂಗಳವಾರ ಮೂವರನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಕಾರಿನಲ್ಲಿ ಒಂದು ಸೀಟು ಖಾಲಿ ಇದೆ, ಮಾಸಾಯಿಗಳ ಮಾ ಭಾಷೆ ಬರುವವರು ಯಾರಾದರೂ ಜೊತೆಗೆ ಬರುವುದಾದರೆ ಸೋಮವಾರ ಸಂಜೆಯೊಳಗೆ ತಿಳಿಸಿ.